ಅತಿಥಿ ಮತ್ತು ಮನೆಮಗ

ಅಮೀನಗಡದ ಕಡೆಯ ಹುಡುಗರು ಓದಲು ಹೊರಗೆ ಹೊರಟರೆಂದರೆ ಚೀಲದಲ್ಲಿ ಎರಡು ಡಬ್ಬಿ ಇದ್ದೇ ಇರುತ್ತವೆ. ಒಂದರಲ್ಲಿ ಊರಿನ ಅಂಗಡಿಯ ಕರದಂಟು, ಇನ್ನೊಂದರಲ್ಲಿ ಅವ್ವ ಬಡಿದ ಖಡಕ್ ಸಜ್ಜಿ ರೊಟ್ಟಿ, ಜೊತೆಗೊಂದಿಷ್ಟು ಶೇಂಗಾ ಹಿಂಡಿ. ಧಾರವಾಡಕ್ಕೆ ಎಂ.ಎ. ಓದಲು ಹೋದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೀಪಾವಳಿಗೆ ಊರಿಗೆ ಬಂದಾಗ ಹೇಳಿದ ಮಾತು ಇದು: "ಕರದಂಟು ಮೊದಲನೇ ದಿನಾನ ಖಾಲಿ ಆತ್ರಿ ಸರ. ರೊಟ್ಟಿ ಡಬ್ಬಿ ಮಾತ್ರ ಹದಿನೈದು ದಿನ ಹಂಗ ಇತ್ತು."

ಅವನು ನಗುತ್ತಲೇ ಹೇಳಿದ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಂಗಡಿಯ ಕರದಂಟಿಗೆ ಜಾತಿಯಿಲ್ಲ. ಅದನ್ನು ಯಾರು ತಂದರೂ ಅದು ಅಮೀನಗಡದ್ದೇ. ರೊಟ್ಟಿ ಹಾಗಲ್ಲ, ಅದಕ್ಕೆ ಒಂದು ಮನೆಯಿದೆ, ಒಂದು ಓಣಿಯಿದೆ, ಬಡಿದ ಕೈಯಿದೆ. ಕೋಣೆಯ ಗೆಳೆಯರು ಯಾರೂ ಅವನಿಗೆ ಒಂದು ಕೆಟ್ಟ ಮಾತು ಆಡಿರಲಿಲ್ಲ. ಹೆಗಲ ಮೇಲೆ ಕೈ ಹಾಕಿ ಊರು ತೋರಿಸಿದ್ದರು, ಪುಸ್ತಕ ಕೊಟ್ಟಿದ್ದರು. ಡಬ್ಬಿಯ ಮುಚ್ಚಳ ಮಾತ್ರ ತೆಗೆದಿರಲಿಲ್ಲ.

ಆ ಹುಡುಗರ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಹಾಗೆ ಸಿಟ್ಟಾಗುವ ಹಕ್ಕು ನನಗಿತ್ತೇ ಎಂಬ ಪ್ರಶ್ನೆ ಬೆನ್ನ ಹಿಂದೆಯೇ ಬಂತು.

ಐದು ವರ್ಷಗಳ ಹಿಂದೆ ಇದೇ ಹುಡುಗ ಈ ಸೀಮೆಯ ಒಂದು ಪದವಿ ಕಾಲೇಜಿನಲ್ಲಿ ನನ್ನ ತರಗತಿಗೆ ಬಂದಿದ್ದ. ಮೊದಲ ದಿನ ಎಲ್ಲರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿ ಪರಿಚಯ ಮಾಡಿಸುವುದು ನನ್ನ ರೂಢಿ. ಹೆಸರು, ಅಡ್ಡಹೆಸರು, ಊರು, ತಂದೆಯ ಉದ್ಯೋಗ. ಅದನ್ನು ಸಲಿಗೆ ಬೆಳೆಸುವ ಕೆಲಸವೆಂದೇ ನಂಬಿದ್ದೆ. ಅವನು ಹೆಸರು ಹೇಳಿ, ಊರು ಹೇಳಿ ಸುಮ್ಮನಾದ. "ಅಡ್ಡಹೆಸರು?" ಎಂದೆ. ಹೇಳಿದ, ದನಿ ಸಣ್ಣದಾಗಿತ್ತು. ಯಾರೂ ನಗಲಿಲ್ಲ. ಮರುದಿನ ಅವನ ಬೆಂಚಿನಲ್ಲಿ ಹಿಂದಿನ ದಿನ ಕೂತಿದ್ದ ಇಬ್ಬರು ಬೇರೆ ಕಡೆ ಕೂತಿದ್ದರು, ಅಷ್ಟೆ.

ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಜಾತಿ ಯಾವುದು ಎಂದು ನೇರವಾಗಿ ಕೇಳುವುದು ಒರಟುತನ, ಅಡ್ಡಹೆಸರು ಏನು ಎಂದು ಕೇಳುವುದು ಸಭ್ಯತೆ. ನಾನು ಅರವತ್ತು ಜನರ ಮುಂದೆ ಆ ಸಭ್ಯ ಪ್ರಶ್ನೆಯನ್ನು ಕೇಳಿದ್ದೆ. ಆಮೇಲೆ ಹಾಜರಿಯ ಹೊತ್ತಿಗೆ ಬರೀ ಹೆಸರು ಕೂಗುವುದನ್ನು ರೂಢಿ ಮಾಡಿಕೊಂಡೆ. ಆ ಹುಡುಗನ ಬಗ್ಗೆ ವಿಶೇಷ ಕಾಳಜಿ ವಹಿಸಿದೆ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿದೆ, ಪುಸ್ತಕ ಕೊಟ್ಟೆ. ಅವನು ಪ್ರತಿ ಸಲವೂ ಕೈ ಮುಗಿಯುತ್ತಿದ್ದ. ಎರಡು ವರ್ಷ ಒಂದೇ ಒಂದು ದೂರು ಹೇಳಲಿಲ್ಲ. ಒಳ್ಳೆಯ ಹುಡುಗ ಎಂದುಕೊಂಡೆ.

ಮೂರನೆಯ ವರ್ಷ ವಾರ್ಷಿಕೋತ್ಸವದ ತಯಾರಿ ನಡೆದಿತ್ತು. ನಾಟಕದ, ಹಾಡಿನ ತಾಲೀಮು ಸಂಜೆ ನಾಲ್ಕರ ನಂತರ. ಒಂದು ದಿನ ಅವನು ಶಿಕ್ಷಕರ ಕೋಣೆಗೆ ಬಂದು ಎಲ್ಲರ ಎದುರಿಗೇ ಕೇಳಿದ: "ಸರ, ತಾಲೀಮು ನಾಲ್ಕರ ಮ್ಯಾಲೆ ಇಟ್ರ ಬಸ್ಸಿನ ಮಂದಿ ಏನ್ ಮಾಡ್ಬೇಕ್ರಿ? ನಮ್ಮ ಕಾಲೇಜು ಊರಾನವರದಷ್ಟ ಏನ್ರಿ?"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಸೂಳೇಭಾವಿ, ಕಮತಗಿ, ಐಹೊಳೆ ಮತ್ತು ಸುತ್ತಲಿನ ಹಳ್ಳಿಗಳಿಂದ ಬರುವವರಿಗೆ ಸಂಜೆಯ ಬಸ್ಸು ತಪ್ಪಿದರೆ ಮನೆ ಸೇರುವುದು ಕಷ್ಟ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಬಸ್ಸಿನ ಖರ್ಚು ಉಳಿಯಿತು, ಬಸ್ಸಿನ ಹೊತ್ತು ಮಾತ್ರ ಬದಲಾಗಲಿಲ್ಲ. ನಾಟಕದಲ್ಲಿ ವರ್ಷವೂ ಊರೊಳಗಿನ ಮಕ್ಕಳೇ ಏಕೆ ಇರುತ್ತಾರೆ ಎಂದು ನಾನು ಯೋಚಿಸಿರಲೇ ಇಲ್ಲ. ಹಳ್ಳಿಯ ಮಕ್ಕಳಿಗೆ ಕಲೆಯಲ್ಲಿ ಆಸಕ್ತಿ ಕಡಿಮೆ ಎಂದು ಒಮ್ಮೆ ವರದಿಯಲ್ಲಿ ಬರೆದಿದ್ದೆ ಕೂಡ.

ಆದರೆ ಆ ಕ್ಷಣಕ್ಕೆ ನನಗೆ ಬಂದದ್ದು ಕೋಪ. ಇಷ್ಟೆಲ್ಲ ಮಾಡಿದೆ, ಇವನಿಗೆ ಉಪಕಾರದ ನೆನಪೇ ಇಲ್ಲವಲ್ಲ ಎಂದು. ಆ ರಾತ್ರಿ ಮಲಗಿದಾಗ ಕೋಪಕ್ಕಿಂತ ಅದರ ಹಿಂದಿದ್ದ ಮಾತು ಕಾಡಿತು. ಉಪಕಾರದ ಲೆಕ್ಕ ಇಡುವುದು ಅತಿಥಿಯ ಹೆಸರಿನಲ್ಲಿ. ಮನೆಯ ಮಗ ಸಾರಿಗೆ ಉಪ್ಪು ಕಡಿಮೆ ಎಂದರೆ ಅವ್ವನಿಗೆ ಬೇಸರವಾಗಬಹುದು, ಆದರೆ ಉಂಡ ಅನ್ನದ ಲೆಕ್ಕ ಅವಳಿಗೆ ನೆನಪಾಗುವುದಿಲ್ಲ. ಎರಡು ವರ್ಷ ನಾನು ಆ ಹುಡುಗನನ್ನು ಬಹಳ ಚೆನ್ನಾಗಿ ಸತ್ಕರಿಸಿದ್ದೆ. ಸತ್ಕಾರ ಮಾಡಿಯೇ ಅವನನ್ನು ಹೊರಗಿನವನನ್ನಾಗಿ ಇಟ್ಟಿದ್ದೆ.

ನಮ್ಮ ಅಮೀನಗಡಕ್ಕೆ ಕೂಡಲಸಂಗಮ ದೂರವಲ್ಲ. ಹನ್ನೆರಡನೆಯ ಶತಮಾನದಲ್ಲಿ, ಉಪನಯನವನ್ನು ಒಲ್ಲೆನೆಂದು ಬಾಗೇವಾಡಿಯ ಮನೆ ಬಿಟ್ಟ ಬಸವಣ್ಣ ಎಳೆಯ ವಯಸ್ಸಿನಲ್ಲಿ ಓದಲು ಬಂದದ್ದು ಕೃಷ್ಣಾ ಮಲಪ್ರಭೆ ಕೂಡುವ ಈ ಜಾಗಕ್ಕೆ ಎಂದು ಪರಂಪರೆ ಹೇಳುತ್ತದೆ. ಅಂದರೆ ಅವರೂ ಒಂದು ಕಾಲಕ್ಕೆ ಪರ ಊರಿನಿಂದ ಬಂದ ವಿದ್ಯಾರ್ಥಿ. ನಮ್ಮವನು ಎಂದು ಎಣಿಸಬೇಕೆನ್ನುವ ಅವರ ವಚನವನ್ನು ನಾವು ಕಾಲೇಜಿನ ಸ್ವಾಗತ ಭಾಷಣಗಳಲ್ಲೆಲ್ಲ ಬಳಸುತ್ತೇವೆ. ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುವ ಯಜಮಾನನ ಮಾತೆಂಬಂತೆ ಬಳಸುತ್ತೇವೆ. ಮತ್ತೊಮ್ಮೆ ನಿಧಾನವಾಗಿ ಓದಿದಾಗ ನನಗೆ ಕಂಡದ್ದು ಬೇರೆ. ಅಲ್ಲಿ ಬೇಡುತ್ತಿರುವವನು ಬಾಗಿಲ ಹೊರಗಿದ್ದಾನೆ. ತಾನು ಯಾರೆಂಬ ಪ್ರಶ್ನೆ ತನ್ನ ಮೇಲೆ ಬೀಳದಿರಲಿ ಎಂದು ಕೇಳುತ್ತಿದ್ದಾನೆ. ಅವನ ಕೊನೆಯ ಬೇಡಿಕೆ ಒಳ್ಳೆಯ ಅತಿಥಿಯಾಗುವುದಲ್ಲ, ಮನೆಯ ಮಗನಾಗುವುದು. ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಮನುಷ್ಯ ತನ್ನನ್ನು ಆ ಜಾಗದಲ್ಲಿ ನಿಲ್ಲಿಸಿಕೊಂಡ. ನಾನು ಅಡ್ಡಹೆಸರು ಕೇಳುವಾಗ ಕುರ್ಚಿಯಲ್ಲಿ ಕೂತಿದ್ದೆ.

ಇದಕ್ಕೆ ಎದುರಾಗಿ ಒಂದು ಮಾತನ್ನು ಒಪ್ಪಲೇಬೇಕು. "ನಮ್ಮವರು" ಎಂಬ ಶಬ್ದವೇ ನಮ್ಮಲ್ಲಿ ಕೆಟ್ಟುಹೋಗಿದೆ. "ಅವರು ನಮ್ಮವರs" ಎಂದು ಯಾರಾದರೂ ಪಿಸುಗುಟ್ಟಿದರೆ ಅದರ ಅರ್ಥ ನಮ್ಮ ಜಾತಿಯವರು ಎಂದು. ಒಬ್ಬರು ನಮ್ಮವರಾದ ಕೂಡಲೇ ಇನ್ನೊಬ್ಬರು ಅಲ್ಲದವರಾಗುತ್ತಾರೆ. ಆದ್ದರಿಂದ ಬರೀ ಆತ್ಮೀಯತೆಯನ್ನು ನಂಬಿ ಕೂರುವಂತಿಲ್ಲ, ನಿಯಮವೂ ಬೇಕು. ಶಾಲೆಯಲ್ಲಿ ಕೂರಲು ಮನೆಯಿಂದ ಗೋಣಿತಟ್ಟು ಒಯ್ಯಬೇಕಾಗಿದ್ದ, ಜವಾನ ನಲ್ಲಿ ತಿರುಗಿಸಿದರೆ ಮಾತ್ರ ನೀರು ಕುಡಿಯಬಹುದಾಗಿದ್ದ ಬಾಲಕ ಅಂಬೇಡ್ಕರ್ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುವಾಗ ಸ್ವಾತಂತ್ರ್ಯ, ಸಮಾನತೆಗಳ ಜೊತೆಗೆ ಭ್ರಾತೃತ್ವ ಇಲ್ಲದಿದ್ದರೆ ಅವೆರಡೂ ಆಳಕ್ಕೆ ಇಳಿಯುವುದಿಲ್ಲ ಎಂಬ ಎಚ್ಚರ ಕೊಟ್ಟರು. 2012ರಲ್ಲಿ ಯುಜಿಸಿ ಮಾಡಿದ ನಿಯಮಗಳು ಕಾಲೇಜುಗಳಲ್ಲಿ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯದ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಎನ್ನುತ್ತವೆ. ನಿಯಮದಿಂದ ರೊಟ್ಟಿಯ ಡಬ್ಬಿ ತೆರೆಯಲಾರದು, ನಿಜ. ಆದರೆ ದೂರು ಹೇಳುವವನಿಗೆ ನಿಲ್ಲಲು ಒಂದು ನೆಲ ಸಿಗುತ್ತದೆ. ದೂರು ಹೇಳಬಲ್ಲವನು ಅರ್ಧ ಮನೆಮಗನಾದಂತೆಯೇ.

ಹಾಗಾಗಿ ಒಂದು ಕಾಲೇಜು ಎಲ್ಲರದೂ ಹೌದೋ ಅಲ್ಲವೋ ಎಂದು ತಿಳಿಯಲು ನಾನೀಗ ಸ್ವಾಗತ ಸಮಾರಂಭವನ್ನು ನೋಡುವುದಿಲ್ಲ. ಅಲ್ಲಿ ಯಾರು ತಕರಾರು ಮಾಡುತ್ತಾರೆ ಎಂದು ನೋಡುತ್ತೇನೆ. ನೀರು ಬರುತ್ತಿಲ್ಲ, ಅಂಕ ಕಡಿಮೆ ಬಿದ್ದಿದೆ, ಪಾಠ ತಿಳಿಯಲಿಲ್ಲ ಎಂದು ಗಟ್ಟಿಯಾಗಿ ಹೇಳುವವರು ಯಾವಾಗಲೂ ಒಂದೇ ಕಡೆಯವರಾಗಿದ್ದರೆ, ಉಳಿದವರು ಕೈ ಮುಗಿಯುತ್ತಿದ್ದರೆ, ಆ ಕೈ ಮುಗಿಯುವವರಿಗೆ ನಾವು ಇನ್ನೂ ಜಾಗ ಕೊಟ್ಟಿಲ್ಲ. ತಾಲೀಮನ್ನು ನಾವು ಮಧ್ಯಾಹ್ನದ ಒಂದು ಪಿರಿಯಡ್‌ಗೆ ತಂದೆವು. ಪಾಠ ಹಿಂದೆ ಬಿತ್ತು, ಕೆಲವರು ಗೊಣಗಿದರು. ಆ ವರ್ಷದ ನಾಟಕದಲ್ಲಿ ಬಸ್ಸಿನ ಮಂದಿಯೂ ಇದ್ದರು.

ದೀಪಾವಳಿಯ ಆ ದಿನ ನಾನು ಅವನನ್ನು ಕೇಳಿದೆ, ಹದಿನೈದು ದಿನದ ಮೇಲೆ ಡಬ್ಬಿ ಏನಾಯಿತು ಎಂದು.

"ಒಂದು ರಾತ್ರಿ ಮೆಸ್ ಬಂದ್ ಆಗಿತ್ರಿ. ನಾ ಲೈಬ್ರರಿಯಿಂದ ಬರೋದ್ರಾಗ ಮೂರೂ ಮಂದಿ ಕೂಡಿ ಎಲ್ಲಾ ತಿಂದಿದ್ರು. ನನಗ ಒಂದು ತುಣುಕೂ ಉಳಿಸಿರಲಿಲ್ಲ." ಅವನ ದನಿಯಲ್ಲಿ ದೂರಿತ್ತು. "ಕೇಳಲಿಲ್ಲ ಹೇಳಲಿಲ್ಲ, ಅವ್ವ ಬಡಿದದ್ದ್ರಿ ಸರ. ಬೈದೆ."

ಬೈದಾಗ ಅವರು ಏನೆಂದರು ಎಂದು ಕೇಳಿದೆ.

"ಮುಂದಿನ ಸಲ ಜಾಸ್ತಿ ತಾ ಅಂದ್ರು."