ಕೆಂಪು ಫೋನು ಮತ್ತು ದಾನದ ಲೆಕ್ಕ

ದಾನದ ವಿಚಾರ ಬಂದಾಗಲೆಲ್ಲ ನಮ್ಮ ಗ್ರಂಥಗಳಲ್ಲಿ ಗೋದಾನ, ಭೂದಾನ, ಸುವರ್ಣದಾನಗಳ ಮಾತು ಬರುತ್ತದೆ. ಅಂಗಡಿಯಲ್ಲಿ ಕೊಂಡ ವಸ್ತುವಿನ ಬಣ್ಣದಿಂದಲೂ ದಾನವಾಗುವುದೇ ಎಂದು ಕೇಳಿಕೊಳ್ಳುವ ಸಂದರ್ಭ ಹಿರಿಯರಿಗೆ ಬಂದಿರಲಿಲ್ಲ. ನಮಗೆ ಬಂದಿತು. ಅದರಲ್ಲಿ ನಾವು ಎಡವಿದ್ದನ್ನೂ ಮರೆಮಾಚದೆ ಓದುಗ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

೨೦೨೨ರಲ್ಲಿ ನಾವು ರೈಲ್ವೆ ಸೇವೆಯಿಂದ ನಿವೃತ್ತರಾದೆವು. ಅದೇ ವರ್ಷದ ಅಕ್ಟೋಬರಿನಲ್ಲಿ ಆಂಟಾಪ್ ಹಿಲ್‌ನ ಮನೆಯಲ್ಲಿ ಷಷ್ಟ್ಯಬ್ದಿ ಶಾಂತಿಯೂ ನೆರವೇರಿತು. ಅಂದು ಮಗ ಕೆಂಪು ಬಣ್ಣದ ಐಫೋನ್ ೧೪ ಒಂದನ್ನು ಕೈಗಿತ್ತು ನಮಸ್ಕರಿಸಿದ. “ಅಪ್ಪಾ, ಅಂಗಡಿಯಲ್ಲಿ ನೀಲಿ, ನೇರಿಳೆ, ಕಪ್ಪು ಎಲ್ಲವೂ ಇದ್ದವು, ಬೆಲೆಯೂ ಒಂದೇ. ಕೆಂಪನ್ನು ಕೊಂಡರೆ ಒಂದಂಶ ರೋಗಿಗಳ ಔಷಧಕ್ಕೆ ಹೋಗುತ್ತದಂತೆ. ನಿಮ್ಮ ಮನಸ್ಸಿಗೆ ಒಪ್ಪುತ್ತದೆಂದು ಅದನ್ನೇ ಆರಿಸಿದೆ” ಎಂದ. ಕೆಂಪು ಕಂಡರೆ ನಿಂತು ವಿಚಾರಿಸುವುದು ರೈಲ್ವೆಯವರಿಗೆ ರೂಢಿ. ಆ ದಿನ ನಾವು ನಿಲ್ಲಲಿಲ್ಲ. ಶಾಂತಿಕರ್ಮದಲ್ಲಿ ಕೊಟ್ಟ ದಾನಗಳ ಜೊತೆಗೆ ಇದೂ ಒಂದು ಸೇರಿತೆಂದು ಹಿಗ್ಗಿದೆವು. ಫೋನಿನ ಗಾಜಿನ ಬೆನ್ನು ಒಡೆದೀತೆಂದು ಮಗನೇ ಅದಕ್ಕೊಂದು ಕಪ್ಪು ಕವಚ ತೊಡಿಸಿದ. “ಕೆಂಪು ಕಾಣುವುದೇ ಇಲ್ಲವಲ್ಲ, ಗುಪ್ತದಾನವಾಯಿತು ಬಿಡಿ” ಎಂದು ನಮ್ಮ ಮನೆಯವರು ನಕ್ಕರು.

ಅದಾದ ವಾರದೊಳಗೆ ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವ ಬಾಯಿ ಬಾಗಿಲಿಗೆ ಬಂದಳು. ಅವಳ ಮಗನಿಗೆ ಕ್ಷಯ. ಶಿವಡಿಯ ಕ್ಷಯರೋಗ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದಳು. ವಡಾಲಾ ರೋಡಿನಿಂದ ಅದು ಹಾರ್ಬರ್ ಮಾರ್ಗದಲ್ಲಿ ಒಂದೇ ನಿಲ್ದಾಣ. “ಕಾಕಾ, ಔಷಧ ಪುಕ್ಕಟೆ ಸಿಗುತ್ತದೆ. ಆದರೆ ಹುಡುಗ ಒಣಗಿಹೋಗಿದ್ದಾನೆ. ಆರು ತಿಂಗಳು ಹಾಲು, ಬೇಳೆ ಸರಿಯಾಗಿ ಕೊಡಿ ಎನ್ನುತ್ತಾರೆ” ಎಂದಳು. ನಾವು ಬಾಗಿಲಲ್ಲೇ ನಿಂತು ಇನ್ನೂರು ರೂಪಾಯಿ ಕೊಟ್ಟು, “ಈ ತಿಂಗಳು ನಮಗೂ ಖರ್ಚು ಹೆಚ್ಚಾಗಿದೆ” ಎಂದೆವು. ಬಾಗಿಲು ಮುಚ್ಚುವಾಗ ಮನಸ್ಸಿಗೆ ಚುಚ್ಚಲಿಲ್ಲ. ದಾನಧರ್ಮ ಈಗಷ್ಟೇ ಆಗಿದೆ ಎಂಬ ತೃಪ್ತಿ ಇತ್ತು. ಆಕೆ ಮತ್ತೆ ಕೇಳಲಿಲ್ಲ. ಸಂಕ್ರಾಂತಿಗೆ ಮುಂಚೆಯೇ ಕೆಲಸ ಬಿಟ್ಟು ಹೋದಳು. ಎಲ್ಲಿಗೆ ಹೋದಳೆಂದು ಕಟ್ಟಡದಲ್ಲಿ ಯಾರಿಗೂ ತಿಳಿಯದು. ಆಗ ನಮ್ಮ ಮನೆಯವರು ಒಂದು ಪ್ರಶ್ನೆ ಕೇಳಿದರು: “ಆ ಫೋನಿನಲ್ಲಿ ನೀವು ಕೊಟ್ಟದ್ದು ಎಷ್ಟು?” ಉತ್ತರ ಹೊಳೆಯಲಿಲ್ಲ. ಆ ನಂತರವೇ ವಿಷಯವನ್ನು ಮೊದಲಿನಿಂದ ವಿಚಾರಿಸಿ ನೋಡಿದೆವು.

ಈ ಕೆಂಪಿನ ಮೂಲ ೨೦೦೬ರಲ್ಲಿದೆ. ಐರ್ಲೆಂಡಿನ ಗಾಯಕ ಬೋನೊ ಮತ್ತು ಅಮೆರಿಕದ ಬಾಬಿ ಶ್ರೈವರ್ ಎಂಬಿಬ್ಬರು ‘ರೆಡ್’ ಎಂಬ ಯೋಜನೆಯನ್ನು ಆರಂಭಿಸಿದರು. ದೊಡ್ಡ ಕಂಪನಿಗಳು ತಮ್ಮ ಕೆಲವು ಸರಕುಗಳಿಗೆ ಆ ಹೆಸರನ್ನು ಅಂಟಿಸಿ ಮಾರಬೇಕು, ಆದಾಯದ ಒಂದಂಶವನ್ನು ಏಡ್ಸ್, ಕ್ಷಯ, ಮಲೇರಿಯಾಗಳ ನಿವಾರಣೆಗಾಗಿ ೨೦೦೨ರಲ್ಲಿ ಕಾರ್ಯಾರಂಭ ಮಾಡಿದ ಜಿನೀವಾದ ಗ್ಲೋಬಲ್ ಫಂಡ್ ಎಂಬ ನಿಧಿಗೆ ಸಲ್ಲಿಸಬೇಕು. ಹೀಗೆ ಬಂದ ಹಣ ಮುಖ್ಯವಾಗಿ ಆಫ್ರಿಕಾದ ದೇಶಗಳ ಏಡ್ಸ್ ರೋಗಿಗಳಿಗೆ ವಿನಿಯೋಗವಾಯಿತು. ೨೦೨೦ರ ನಂತರ ಕೆಲಕಾಲ ಕೋವಿಡ್ ಕಾರ್ಯಕ್ಕೂ ಹೋಯಿತು. ಆ್ಯಪಲ್ ಕಂಪನಿ ೨೦೦೬ರ ಅಕ್ಟೋಬರಿನಲ್ಲಿ ಸಂಗೀತ ಕೇಳುವ ಕೆಂಪು ಐಪಾಡ್ ನ್ಯಾನೋವನ್ನು ೧೯೯ ಡಾಲರಿಗೆ ಮಾರಾಟಕ್ಕಿಟ್ಟು, ಪ್ರತಿಯೊಂದರಿಂದ ೧೦ ಡಾಲರ್ ನಿಧಿಗೆ ಸಲ್ಲುವುದೆಂದು ಸಾರಿತು. ೨೦೧೭ರ ಮಾರ್ಚಿನಲ್ಲಿ ಕೆಂಪು ಐಫೋನ್ ೭ ಬಂದಿತು. ಆಗ ‘ಒಂದಂಶ’ ಎಂಬ ಮಾತಷ್ಟೇ ಇತ್ತು, ಎಷ್ಟನೆಯ ಅಂಶವೆಂಬುದು ಇರಲಿಲ್ಲ. ೨೦೨೨ರ ಐಫೋನ್ ೧೪ರವರೆಗೆ ಕೆಂಪು ನಡೆದುಬಂದು, ೨೦೨೩ರ ಐಫೋನ್ ೧೫ರಲ್ಲಿ ಕಾಣದಾಯಿತು.

ಇದನ್ನು ಕೇವಲ ಬೂಟಾಟಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಹದಿನೈದು ವರ್ಷಗಳಲ್ಲಿ ತನ್ನ ಮೂಲಕ ಸುಮಾರು ೨೭ ಕೋಟಿ ಡಾಲರ್ ಸಂದಿದೆಯೆಂದು ಆ್ಯಪಲ್ ೨೦೨೧ರಲ್ಲಿ ಪ್ರಕಟಿಸಿತು. ಅದರಿಂದ ಬದುಕಿಕೊಂಡ ರೋಗಿಯು ಹಣ ಯಾವ ಬಣ್ಣದಿಂದ ಬಂದಿತೆಂದು ಕೇಳುವುದಿಲ್ಲ. ಇನ್ನೊಂದು ಪಕ್ಷವೂ ಉಂಟು. ೨೦೦೭ರಲ್ಲಿ ಅಮೆರಿಕದ ‘ಅಡ್ವರ್ಟೈಸಿಂಗ್ ಏಜ್’ ಪತ್ರಿಕೆ, ಈ ಯೋಜನೆಯ ಜಾಹೀರಾತುಗಳಿಗೆ ೧೦ ಕೋಟಿ ಡಾಲರುಗಳವರೆಗೆ ವ್ಯಯವಾಗಿದ್ದು ಸಂಗ್ರಹವಾದದ್ದು ೧.೮ ಕೋಟಿ ಎಂದು ಬರೆಯಿತು. ಯೋಜನೆಯವರು ಆ ಲೆಕ್ಕವನ್ನು ಒಪ್ಪಲಿಲ್ಲ. ಆ ವಿವಾದ ಅವರಿಗಿರಲಿ. ನಮ್ಮ ಪ್ರಶ್ನೆ ಅದಕ್ಕಿಂತ ಚಿಕ್ಕದು, ಮತ್ತು ನಮಗೆ ಹತ್ತಿರದ್ದು: ಕೆಂಪನ್ನು ಆರಿಸಿದವನು ದಾನ ಮಾಡಿದನೇ?

ದಾನಕ್ಕೆ ಶಾಸ್ತ್ರಕಾರರು ಹೇಳುವ ಲಕ್ಷಣ ಬಹಳ ಖಚಿತವಾದುದು. ಒಂದು ವಸ್ತುವಿನಲ್ಲಿ ತನಗಿರುವ ಸ್ವತ್ವವನ್ನು ತೊರೆದು, ಅದರಲ್ಲಿ ಮತ್ತೊಬ್ಬರ ಸ್ವತ್ವವನ್ನು ಉಂಟುಮಾಡುವುದು ದಾನ. ಬೆಲೆ ತೆತ್ತು ವಸ್ತು ಪಡೆಯುವುದು ಕ್ರಯ. ಅಂಗಡಿಯಲ್ಲಿ ನಮ್ಮ ಮಗ ಹಣ ಕೊಟ್ಟ, ಅದಕ್ಕೆ ಸರಿಯಾದ ಫೋನನ್ನು ಪಡೆದ. ಕಪ್ಪಿಗೂ ಕೆಂಪಿಗೂ ಒಂದೇ ಬೆಲೆಯಾದ್ದರಿಂದ ಕೆಂಪಿಗಾಗಿ ಅವನು ಒಂದು ಪೈಸೆಯನ್ನೂ ಹೆಚ್ಚಾಗಿ ತ್ಯಜಿಸಲಿಲ್ಲ. ಅಲ್ಲಿಗೆ ಕ್ರಯ ಮುಗಿಯಿತು. ಆ ಬಳಿಕ ತನ್ನದಾದ ಹಣದಲ್ಲಿ ಒಂದಂಶವನ್ನು ಬಿಟ್ಟುಕೊಟ್ಟದ್ದು ಕಂಪನಿ. ದಾನವೆಂಬುದು ನಡೆದಿದ್ದರೆ ಅದರ ಕರ್ತೃ ಕಂಪನಿಯೇ. ಕೊಂಡವನು ಮಗ, ಕೊಟ್ಟದ್ದು ಕಂಪನಿ, ಪುಣ್ಯ ಬಂತೆಂದು ಹಿಗ್ಗಿದವರು ನಾವು!

ದಾತಾ, ಪ್ರತಿಗ್ರಹೀತಾ, ಶ್ರದ್ಧೆ, ದೇಯದ್ರವ್ಯ, ದೇಶ, ಕಾಲ ಎಂದು ದಾನಕ್ಕೆ ಆರು ಅಂಗಗಳನ್ನು ಧರ್ಮನಿಬಂಧಗಳು ಎಣಿಸುತ್ತವೆ. ಇವನ್ನು ಕೆಂಪು ಫೋನಿಗೆ ಹೊಂದಿಸಿ ನೋಡಿದೆವು. ದಾತೃ ನಾವಲ್ಲ. ಪ್ರತಿಗ್ರಹೀತೃವಿನ ಮುಖ ಕಂಡಿಲ್ಲ. ದ್ರವ್ಯ ಎಷ್ಟೆಂದು ತಿಳಿಯದು. ದೇಶಕಾಲಗಳನ್ನು ಗೊತ್ತುಮಾಡಿದವರು ಬೇರೆಯವರು. ಶ್ರದ್ಧೆಯೊಂದು ಉಳಿಯಿತು. ಅದೂ ಬಣ್ಣ ಚೆನ್ನಾಗಿದೆ ಎಂಬ ಮೆಚ್ಚಿಗೆಯೊಡನೆ ಬೆರೆತದ್ದು. ಹಾಗಾದರೆ ಆರಿಸಿದವನಿಗೆ ಏನೂ ಇಲ್ಲವೇ? ಇದೆ. ಮಾಡುವವನಂತೆಯೇ ಮಾಡಿಸುವವನಿಗೂ, ಪ್ರೇರೇಪಿಸುವವನಿಗೂ, ಅನುಮೋದಿಸುವವನಿಗೂ ಕರ್ಮದಲ್ಲಿ ಪಾಲುಂಟೆಂಬ ಮಾತು ನಮ್ಮಲ್ಲಿ ಪ್ರಸಿದ್ಧವಾಗಿದೆ. ಕೆಂಪನ್ನು ಆರಿಸಿದ ತರುಣ ಒಂದು ಒಳ್ಳೆಯ ಕಾರ್ಯವನ್ನು ಅನುಮೋದಿಸಿದ. ಅಷ್ಟು ಅವನಿಗೆ ಸಲ್ಲಲಿ. ಅನುಮೋದನೆಯನ್ನು ದಾನವೆಂದು ಬರೆದುಕೊಳ್ಳುವಲ್ಲಿ ತಪ್ಪು ಹುಟ್ಟುತ್ತದೆ.

ಹಿಂದಿನ ಕಾಲದಲ್ಲಿಯೂ ಕೊಳ್ಳುವುದಕ್ಕೆ ಕೊಡುವುದನ್ನು ಜೋಡಿಸಿದ್ದರಲ್ಲ ಎಂದು ಕೆಲವರು ಕೇಳಬಹುದು. ನಿಜ. ಬಾಗಲಕೋಟೆಯಲ್ಲಿ ನಾವು ಶಾಲೆಗೆ ಹೋಗುತ್ತಿದ್ದಾಗ ಮಾಸ್ತರರು ಮಕ್ಕಳಿಗೆ ಟಿ.ಬಿ. ಸೀಲುಗಳನ್ನು ಹಂಚಿ ಮಾರಿಸುತ್ತಿದ್ದರು. ೧೯೦೪ರಲ್ಲಿ ಡೆನ್ಮಾರ್ಕಿನ ಅಂಚೆಯ ಅಧಿಕಾರಿಯೊಬ್ಬರು ಆರಂಭಿಸಿದ ಆ ಪದ್ಧತಿಯನ್ನು ಭಾರತದ ಕ್ಷಯ ನಿವಾರಣಾ ಸಂಘ ೧೯೫೦ರಲ್ಲಿ ನಮ್ಮ ದೇಶಕ್ಕೆ ತಂದಿತು. ಪ್ರತಿವರ್ಷ ಗಾಂಧೀ ಜಯಂತಿಯಂದು ಮಾರಾಟದ ಆರಂಭ. ಅಂಚೆಚೀಟಿಯಂತೆ ಕಂಡರೂ ಆ ಸೀಲಿನಿಂದ ಕಾಗದ ಮುಂದಕ್ಕೆ ಹೋಗದು. ಡಿಸೆಂಬರ್ ೭ರ ಸೇನಾ ಧ್ವಜ ದಿನದಂದು ಅಂಗಿಗೆ ಚುಚ್ಚಿಕೊಳ್ಳುವ ಕಾಗದದ ಬಾವುಟವೂ ಹಾಗೆಯೇ. ಅವುಗಳಿಂದ ಬೇರೆ ಉಪಯೋಗವಿಲ್ಲವಾದ್ದರಿಂದ ತೆತ್ತ ಪೈಸೆಯೆಲ್ಲ ಕೊಟ್ಟ ಪೈಸೆಯೇ ಆಗಿತ್ತು. ೧೯೭೧ರ ಕೊನೆಯಲ್ಲಿ ಬಂಗಾಳದ ನಿರಾಶ್ರಿತರಿಗಾಗಿ ಪ್ರತಿ ಪತ್ರಕ್ಕೂ ೫ ಪೈಸೆಯ ಬೇರೊಂದು ಚೀಟಿ ಅಂಟಿಸಬೇಕೆಂದು ಸರಕಾರ ವಿಧಿಸಿದ್ದೂ ನೆನಪಿದೆ. ಅದು ಕಡ್ಡಾಯವಾದ ತೆರಿಗೆ. ದಾನವೆಂದು ಯಾರೂ ಭ್ರಮಿಸಲಿಲ್ಲ. ಎಷ್ಟು, ಯಾರಿಗೆ ಎಂಬುದು ಮಾತ್ರ ಸ್ಪಷ್ಟವಾಗಿತ್ತು. ಕೆಂಪು ಫೋನಿನಲ್ಲಿ ಭೋಗ್ಯವಸ್ತು ದೊಡ್ಡದು, ಕೊಡುಗೆ ಅದರೊಳಗೆ ಕರಗಿದ ಅಂಶ. ಅಕ್ಟೋಬರಿನಲ್ಲಿ ಸ್ತನ ಕ್ಯಾನ್ಸರಿನ ಹೆಸರಿನಲ್ಲಿ ಬರುವ ಗುಲಾಬಿ ಬಣ್ಣದ ಸರಕುಗಳನ್ನು ಕೊಳ್ಳುವಾಗಲೂ ಎಷ್ಟು, ಯಾರಿಗೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಹಾಗೆಂದು ವ್ಯಾಪಾರದಿಂದ ಲೋಕಕ್ಕೆ ಉಪಕಾರವಾಗದೆಂದು ನಾವು ಹೇಳುವುದಿಲ್ಲ. ಏಡ್ಸ್ ಔಷಧದ ಚರಿತ್ರೆಯೇ ಅದಕ್ಕೆ ಸಾಕ್ಷಿ. ಒಬ್ಬ ರೋಗಿಯ ಒಂದು ವರ್ಷದ ಔಷಧಕ್ಕೆ ಪಾಶ್ಚಾತ್ಯ ಕಂಪನಿಗಳು ೧೦,೦೦೦ ಡಾಲರಿಗೂ ಹೆಚ್ಚು ಬೆಲೆ ಹೇಳುತ್ತಿದ್ದ ಕಾಲದಲ್ಲಿ, ೨೦೦೧ರ ಫೆಬ್ರವರಿಯಲ್ಲಿ, ನಮ್ಮ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು ಅದನ್ನು ೩೫೦ ಡಾಲರಿಗೆ ಒದಗಿಸುವುದಾಗಿ ಸಾರಿದರು. ಭಾರತ ಸರಕಾರ ೨೦೦೪ರ ಏಪ್ರಿಲ್ ೧ರಿಂದ ಎಂಟು ಆಸ್ಪತ್ರೆಗಳಲ್ಲಿ ಆ ಚಿಕಿತ್ಸೆಯನ್ನು ಉಚಿತವಾಗಿ ಆರಂಭಿಸಿತು, ಮುಂಬಯಿಯ ಜೆ.ಜೆ. ಆಸ್ಪತ್ರೆ ಅವುಗಳಲ್ಲೊಂದು. ವ್ಯಾಪಾರಿ ನ್ಯಾಯವಾದ ಬೆಲೆಗೆ ಮಾರಿದರೆ ವ್ಯಾಪಾರವಾಗಿಯೇ ಅದು ಲೋಕಹಿತ. ದಾತೃ ತನ್ನದನ್ನು ಬಿಟ್ಟುಕೊಟ್ಟರೆ ದಾನವಾಗಿಯೇ ಅದು ಲೋಕಹಿತ. ಎರಡಕ್ಕೂ ಅದರದರ ಗೌರವ ಉಂಟು.

ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಟ್ರಾಫಿಕ್ ಅಕೌಂಟ್ಸ್ ವಿಭಾಗದಲ್ಲಿ ಪ್ರಯಾಣಿಕರಿಂದ ಬಂದ ಆದಾಯಕ್ಕೆ ಒಂದು ಶೀರ್ಷಿಕೆ, ಸರಕು ಸಾಗಣೆಯ ಆದಾಯಕ್ಕೆ ಮತ್ತೊಂದು. ಒಂದರದನ್ನು ಮತ್ತೊಂದರಲ್ಲಿ ಬರೆದರೆ ಒಟ್ಟು ಮೊತ್ತ ತಾಳೆಯಾದರೂ ಲೆಕ್ಕ ತಪ್ಪೇ. ನಾವು ಮಾಡಿದ್ದು ಅದೇ ತಪ್ಪು. ಕ್ರಯದ ಕಲಮನ್ನು ದಾನದ ಪುಟದಲ್ಲಿ ಬರೆದುಕೊಂಡೆವು. ಪುಟ ತುಂಬಿದಂತೆ ಕಂಡಿತು. ಆದ್ದರಿಂದಲೇ ಬಾಗಿಲಿಗೆ ಬಂದವಳಿಗೆ ಅಲ್ಲಿ ಜಾಗ ಉಳಿಯಲಿಲ್ಲ.

ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನದ ಮೂರು ಬಗೆಗಳನ್ನು ವಿವರಿಸಿರುವುದು ಓದುಗರಿಗೆ ವಿದಿತವೇ. ಪ್ರತಿಫಲದ ಬಯಕೆಯಿಂದ ಕೊಟ್ಟದ್ದೂ, ಮನಸ್ಸು ನೊಂದುಕೊಂಡು ಕೊಟ್ಟದ್ದೂ ರಾಜಸ. ಫೋನಿನಲ್ಲಿ ಪ್ರತಿಫಲ ಮೊದಲೇ ಕೈಯಲ್ಲಿತ್ತು. ಇನ್ನೂರು ರೂಪಾಯಿಯನ್ನು ನಾವು ನೊಂದುಕೊಂಡೇ ಕೊಟ್ಟೆವು. ಆದರವಿಲ್ಲದೆ ಕೊಟ್ಟದ್ದನ್ನು ಇನ್ನೂ ಕೆಳಗೆ, ತಾಮಸದಲ್ಲಿ, ಎಣಿಸಿದೆ. ಬಂದವಳನ್ನು ‘ಒಳಗೆ ಬಾರಮ್ಮ, ಕುಳಿತುಕೋ’ ಎನ್ನಲಿಲ್ಲವೆಂಬುದು ನೆನಪಾದಾಗ, ಆ ಇನ್ನೂರು ಎಲ್ಲಿಗೆ ಸೇರುವುದೆಂದು ಬೇರೆ ಹೇಳಬೇಕಾಗಿಲ್ಲ.

ಆಕೆ ಕೇಳಿದ್ದು ಸಣ್ಣ ವಿಷಯವೂ ಆಗಿರಲಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲಿದ್ದಾರೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಝಾರ್ಖಂಡಿನಲ್ಲಿ ೨,೮೦೦ ಕ್ಷಯರೋಗಿಗಳಿಗೂ ಅವರಲ್ಲಿ ಕೆಲವರ ಮನೆಯವರಿಗೂ ತಿಂಗಳುಗಟ್ಟಲೆ ಧಾನ್ಯ, ಬೇಳೆಗಳನ್ನು ಒದಗಿಸಿ ಪರೀಕ್ಷಿಸಿದರು. ಪೌಷ್ಟಿಕ ಆಹಾರ ದೊರೆತ ಮನೆಗಳಲ್ಲಿ ರೋಗ ಇತರರಿಗೆ ಬರುವುದು ಸುಮಾರು ಶೇಕಡ ೪೦ರಷ್ಟು ಕಡಿಮೆಯಾಯಿತೆಂದು ೨೦೨೩ರಲ್ಲಿ ಪ್ರಕಟವಾಯಿತು. ಸರಕಾರ ರೋಗಿಯ ಆಹಾರಕ್ಕೆಂದು ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಕೊಡುತ್ತಿದ್ದು, ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ಕ್ಕೆ ಏರಿಸಿತು. ಸಾಮಾನ್ಯ ನಾಗರಿಕರೂ ಒಬ್ಬ ರೋಗಿಯ ಆಹಾರದ ಹೊಣೆಯನ್ನು ಕನಿಷ್ಠ ಆರು ತಿಂಗಳು ಹೊರಬಹುದಾದ ‘ನಿ-ಕ್ಷಯ ಮಿತ್ರ’ ಯೋಜನೆ ೨೦೨೨ರ ಸೆಪ್ಟೆಂಬರ್ ೯ರಂದು ಆರಂಭವಾಯಿತು. ಕೆಂಪು ಐಫೋನ್ ೧೪ ಅಂಗಡಿಗೆ ಬಂದದ್ದು ಅದೇ ತಿಂಗಳು ೧೬ರಂದು. ಆ ಎರಡು ಸುದ್ದಿಗಳಲ್ಲಿ ನಮ್ಮ ಮನೆಗೆ ತಲುಪಿದ್ದು ಒಂದೇ.

ಓದುಗರು ಮಕ್ಕಳಿಗೆ ಬಣ್ಣದ ವಿಷಯದಲ್ಲಿ ಉಪದೇಶ ಮಾಡಲೆಂದು ಇದನ್ನು ಬರೆದಿಲ್ಲ. ಅವರಿಗೆ ಬೇಕಾದ ಬಣ್ಣವನ್ನು ಅವರೇ ಆರಿಸಲಿ. ಅದರಿಂದ ಎಲ್ಲೋ ಒಬ್ಬರಿಗೆ ಉಪಕಾರವಾದರೆ ಸಂತೋಷ. ಒಂದನ್ನು ಮಾತ್ರ ತಿಳಿಸಿಕೊಡೋಣ: ಆ ದಿನ ಮಾಡಿದ್ದು ಖರೀದಿ, ಕೊಡುವುದು ಇನ್ನೂ ಬಾಕಿ ಇದೆ. ಮನೆಗೊಂದು ದೊಡ್ಡ ವಸ್ತು ಬಂದ ದಿನವೇ ಸ್ವಲ್ಪ ಹಣವನ್ನು ಬೇರೆ ತೆಗೆದಿರಿಸಿ, ಎಷ್ಟು, ಯಾರಿಗೆ ಎಂದು ತಿಳಿದು, ಮಕ್ಕಳ ಕೈಯಿಂದಲೇ ಕೊಡಿಸಿದರೆ ಎರಡು ಪುಟಗಳೂ ಸರಿಯಾಗಿರುತ್ತವೆ. ವಲಸೆ ಬಂದ ಊರಿನಲ್ಲಿ ಕೇಳುವವರು ಯಾರೆಂದು ಹುಡುಕಬೇಕಾಗಿಲ್ಲ. ಅವರು ದಿನವೂ ನಮ್ಮ ಮೆಟ್ಟಿಲು ಹತ್ತಿ ಇಳಿಯುತ್ತಾರೆ.

ದೇವಸ್ಥಾನ ಮಠಗಳ ಸಭಾಂಗಣಗಳಲ್ಲಿ ಪಂಖದ ರೆಕ್ಕೆಗಳ ಮೇಲೆ ದಾನಿಗಳ ಹೆಸರು ಬರೆಸಿರುವುದನ್ನು ನಾವೆಲ್ಲ ಕಂಡಿದ್ದೇವೆ. ಪಂಖ ನಿಂತಾಗ ಹೆಸರು ಕಾಣುತ್ತದೆ, ಗಾಳಿ ಬರುವುದಿಲ್ಲ. ತಿರುಗಿದಾಗ ಗಾಳಿ ಬರುತ್ತದೆ, ಹೆಸರು ಕಾಣುವುದಿಲ್ಲ. ಆ ಬಾಯಿ ಹೋದ ಮೇಲೆ ನಾವು ಏನು ಮಾಡಿದೆವೆಂದು ಕೆಲವರು ಕೇಳಬಹುದು. ಅದನ್ನು ಇಲ್ಲಿ ಬರೆದರೆ ಪಂಖದ ಮೇಲೆ ಹೆಸರು ಬರೆಸಿದಂತಾದೀತು. ಅವಳ ಮಗ ಗುಣಮುಖನಾಗಿರಲಿ ಎಂಬುದಷ್ಟೇ ನಮ್ಮ ಪ್ರಾರ್ಥನೆ. ಅವಳ ಬಾಕಿ ನಮ್ಮ ಪುಟದಲ್ಲಿ ಹಾಗೆಯೇ ಇದೆ.