ಶ್ರೀಶೈಲದ ಹಾದಿಯ ಅನ್ನ

ಇಷ್ಟಲಿಂಗವು ಅಂಗದ ಮೇಲಿರಲು ಶ್ರೀಶೈಲಕ್ಕೆ ನಡೆದು ಹೋಗುವುದೇತಕ್ಕೆ? ಶರಣರ ನುಡಿಯನ್ನು ಬಲ್ಲವರು ಕೇಳತಕ್ಕ ಪ್ರಶ್ನೆಯೇ ಸರಿ. 12ನೆಯ ಶತಮಾನದಲ್ಲಿ ಅಕ್ಕಮಹಾದೇವಿಯು ಆ ಗಿರಿಯ ಕದಳಿಗೆ ಹೋದಳೆಂಬುದು ಇದಕ್ಕೆ ಉತ್ತರವಾಗಲಾರದು. ಆಕೆ ಮರಳಿ ಬರಲು ಹೋದವಳಲ್ಲ. ನಾವು ಯುಗಾದಿಯ ಜಾತ್ರೆ ಮುಗಿಸಿ ಮನೆಗೆ ಬರುವವರು.

ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಕಡೆಯ ಭಕ್ತರು ಫಾಲ್ಗುಣದ ಬಿಸಿಲಿನಲ್ಲಿ ಹೊರಡುತ್ತಾರೆ. ನಸುಕಿಗೆ ಮುಂಚೆ ಎದ್ದು ತಂಪಿನಲ್ಲಿ ನಡಿಗೆ, ನೀರು ಕಂಡಲ್ಲಿ ಮಿಂದು ಲಿಂಗಪೂಜೆ, ಮಧ್ಯಾಹ್ನ ಮರದ ನೆರಳು, ರಾತ್ರಿ ಅಂಗಾಲಿನ ಬೊಬ್ಬೆಗಳಿಗೆ ಎಣ್ಣೆ. ಆತ್ಮಕೂರು ದಾಟಿ ನಲ್ಲಮಲದ ಅಡವಿ ಹೊಕ್ಕರೆ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ. ಅಲ್ಲಿಂದ ಕೈಲಾಸದ್ವಾರದ ಕಡಿದಾದ ಏರಿನಲ್ಲಿ ಹರಟೆಯು ತಾನಾಗಿ ನಿಲ್ಲುತ್ತದೆ.

ಹಾದಿಯುದ್ದಕ್ಕೂ ಗುರುತಿಲ್ಲದವರು ಕರೆದು ರೊಟ್ಟಿ, ಅನ್ನ, ಮಜ್ಜಿಗೆ ನೀಡುತ್ತಾರೆ. ನನಗೆ ತೊಡಕಾದುದು ಇಲ್ಲಿಯೇ. ಕಾಯಕವಿಲ್ಲದೆ ಉಣ್ಣಬಾರದೆಂದು ಪಾಠಶಾಲೆಯಲ್ಲಿ ಮಕ್ಕಳಿಗೆ ಬೋಧಿಸುವ ನಾನು ದಿನಗಟ್ಟಲೆ ಪರರ ಕಾಯಕದ ಅನ್ನವನ್ನು ಉಂಡೆನು. ನಡಿಗೆಯೇ ಕಾಯಕವೆಂದು ಜೊತೆಯವರೊಬ್ಬರು ಸಮಾಧಾನ ಹೇಳಿದರು. ಒಪ್ಪಲಾಗಲಿಲ್ಲ, ನನ್ನ ನಡಿಗೆಯಿಂದ ಯಾರ ಹಸಿವೂ ಹಿಂಗದಷ್ಟೆ. ಮೊದಲ ದಿನ ಹಣ ಕೊಡಹೋದೆನು. ನೀಡುತ್ತಿದ್ದ ಮುದುಕಿ, “ಎಪ್ಪಾ, ಇದೇನ ಖಾನಾವಳಿ ಅಲ್ಲ, ಉಣ್ರಿ” ಎಂದಳು. ಮನೆಯಲ್ಲಿ ದಾಸೋಹ ಮಾಡುವಾಗ ನನ್ನ ಕೈ ಸದಾ ಮೇಲಿರುತ್ತಿತ್ತು. ಕೊಟ್ಟೆನೆಂಬ ಅಹಂ ಅದರೊಡನಿದ್ದುದು ಕೈ ಕೆಳಗಾದ ಮೇಲೆಯೇ ತಿಳಿಯಿತು.

ಮರುದಿನದಿಂದ ಉಂಡ ಬಳಿಕ ಎಲೆ ತೆಗೆದು, ನೀರು ಹೊತ್ತು, ಮುಂದಿನ ಪಂಕ್ತಿಗೆ ನೀಡಲು ನಿಂತೆನು. ಅದರಿಂದ ಋಣ ತೀರಿತೆಂದು ಹೇಳಲಾರೆನು.