ಬೂಸ್ಟಿಗೊಂದು ಹೆಸರು

ರೇಷ್ಮೆ ಸಾಕುವವರಿಗೆ ಸುಣ್ಣಕಟ್ಟು ರೋಗವನ್ನು ಯಾರೂ ಹೊಸದಾಗಿ ಪರಿಚಯಿಸಬೇಕಿಲ್ಲ. ಮಳೆಗಾಲದಲ್ಲೋ ಚಳಿಗಾಲದಲ್ಲೋ ಹುಳುಮನೆಯಲ್ಲಿ ತೇವ ಹೆಚ್ಚಿದಾಗ, ನಿನ್ನೆಯವರೆಗೆ ಸರಸರನೆ ಸೊಪ್ಪು ಮೇಯುತ್ತಿದ್ದ ಹುಳು ಮೇವು ಬಿಟ್ಟು ಮಂಕಾಗುತ್ತದೆ. ಸತ್ತ ಹೊತ್ತಿನಲ್ಲಿ ಅದರ ಮೈ ಇನ್ನೂ ಮೆತ್ತಗೇ ಇರುತ್ತದೆ. ಆಮೇಲೆ ಗಡುಸಾಗುತ್ತ ಹೋಗಿ, ಮೈತುಂಬ ಬಿಳಿ ಎಳೆಗಳು ಮೂಡಿ, ಕೊನೆಗೆ ಹಿಟ್ಟು ಹಿಟ್ಟಾದ ಹುಡಿ ಕವಿಯುತ್ತದೆ. ಬೆರಳಲ್ಲಿ ಎತ್ತಿದರೆ ಸೀಮೆಸುಣ್ಣದ ತುಂಡು ಎತ್ತಿದ ಹಾಗೆ. ಮುರಿದರೆ ಪಟ್ಟನೆ ಮುರಿಯುತ್ತದೆ. ಸತ್ತ ಹುಳು ಕೊಳೆತು ನಾರುವುದು ಲೋಕರೂಢಿ. ಇದು ಮಾತ್ರ ಕೊಳೆಯುವುದಿಲ್ಲ. ಒಳಗೆ ಸೇರಿಕೊಂಡ ಶಿಲೀಂಧ್ರವು ಬ್ಯಾಕ್ಟೀರಿಯಾಗಳನ್ನು ಹತ್ತಿರ ಬಿಟ್ಟುಕೊಳ್ಳದ ರಾಸಾಯನಿಕಗಳನ್ನು ತಯಾರಿಸಿಕೊಂಡು ಆ ಹೆಣವನ್ನು ತನಗಷ್ಟೇ ಕಾದಿಟ್ಟುಕೊಂಡಿರುತ್ತದೆ.

ಈ ಬಿಳಿ ಹುಡಿಯ ಮುಂದೆ ವರ್ಷಗಟ್ಟಲೆ ಕೂತು ಯೋಚಿಸಿದವನು ಇಟಲಿಯ ಲೋದಿ ಪಟ್ಟಣದ ಅಗಸ್ಟೀನೋ ಬಾಸ್ಸಿ. ಓದಿದ್ದು ಕಾನೂನು, ಮನಸ್ಸು ಮಾತ್ರ ಕೃಷಿಯ ಕಡೆಗೆ, ಜೊತೆಗೆ ದೃಷ್ಟಿ ಮಂದವಾಗುತ್ತಿದ್ದ ಕಣ್ಣು. ಸೊಪ್ಪಿನ ದೋಷ, ಹವೆಯ ದೋಷ ಎಂದು ಜನ ಹೇಳುತ್ತಿದ್ದ ಕಾಲದಲ್ಲಿ ಅವನು ಸತ್ತ ಹುಳುವಿನ ಹುಡಿಯನ್ನು ಆರೋಗ್ಯವಂತ ಹುಳುವಿಗೆ ದಾಟಿಸಿ ರೋಗ ಬರಿಸಿ ತೋರಿಸಿದ. 1835ರಲ್ಲಿ ಅದನ್ನು ಪ್ರಕಟಿಸಿದ. ಸೂಕ್ಷ್ಮಜೀವಿಯೊಂದು ಪ್ರಾಣಿಗೆ ರೋಗ ತರಬಲ್ಲದು ಎಂಬ ಮೊದಲ ಸಾಕ್ಷ್ಯ ಸಿಕ್ಕಿದ್ದು ಹೀಗೆ, ಲೂಯಿ ಪಾಶ್ಚರ್ ರೇಷ್ಮೆ ಹುಳುವಿನ ಕಡೆ ತಿರುಗುವುದಕ್ಕೆ 30 ವರ್ಷ ಮೊದಲು. ಆ ಶಿಲೀಂಧ್ರಕ್ಕೆ ಅವನದೇ ಹೆಸರು ಸೇರಿತು: ಬ್ಯೂವೇರಿಯಾ ಬ್ಯಾಸಿಯಾನಾ.

ಸೋಜಿಗವೆಂದರೆ, ರಾಮನಗರದ ಹುಳುಮನೆಯಲ್ಲಿ ಸುಣ್ಣ ಎರಚಿ ಓಡಿಸಬೇಕಾದ ಇದೇ ಶಿಲೀಂಧ್ರವನ್ನು ಕೊಡಗಿನ ಕಾಫಿ ತೋಟದವರು ಬೆರಿ ಬೋರರ್ ಎಂಬ ಕೀಟವನ್ನು ಕೊಲ್ಲಲೆಂದು ದುಡ್ಡು ಕೊಟ್ಟು ತಂದು ಸಿಂಪಡಿಸುತ್ತಾರೆ. ಅಲ್ಲಿ ರೋಗ, ಇಲ್ಲಿ ಮದ್ದು. ಶಿಲೀಂಧ್ರ ಎರಡೂ ಕಡೆ ಮಾಡುವುದು ಒಂದೇ ಕೆಲಸ. ಕೀಟದ ಮೈಗೆ ಅಂಟಿದ ಬೀಜಕ ಮೊಳೆತು, ಹೊರಚಿಪ್ಪನ್ನು ಕಿಣ್ವಗಳಿಂದ ಕರಗಿಸಿ, ಒತ್ತಿ ತೂರಿ ಒಳಹೋಗುತ್ತದೆ. ಕೀಟದ ರಕ್ತದಲ್ಲಿ ತುಂಡು ತುಂಡಾಗಿ ಹೆಚ್ಚುತ್ತದೆ. ಕೀಟ ಸತ್ತ ಮೇಲೆ, ಹವೆಯಲ್ಲಿ ತೇವವಿದ್ದರೆ, ಮೈಯ ಸಂದುಗಳಿಂದ ಹೊರಬಂದು ಮತ್ತೆ ಬೀಜಕ ಕಟ್ಟುತ್ತದೆ. ರೋಗ, ಮದ್ದು ಎಂಬ ವಿಂಗಡಣೆ ನಮ್ಮ ಲಾಭನಷ್ಟದ ಖಾತೆಗೆ ಸೇರಿದ್ದು. ಹಾಗಾದರೆ ಅದರ ಖಾತೆಯಲ್ಲಿ ಅದು ಯಾರು? ಈ ಪ್ರಶ್ನೆ ಹಿಡಿದು ಹೊರಟವರು ವರ್ಗೀಕರಣಕಾರರು.

ಅವರ ಕೆಲಸ ಶುರುವಾಗುವುದು ಶಿಲೀಂಧ್ರದಿಂದಲ್ಲ, ಸತ್ತ ಕೀಟದಿಂದ. ಇದು ದುಂಬಿಯೋ, ಗೊಣ್ಣೆಹುಳುವೋ, ಕಂಬಳಿಹುಳುವೋ, ಇರುವೆಯೋ? ಸತ್ತದ್ದು ಮಣ್ಣೊಳಗೋ, ಎಲೆಯ ಅಡಿಯಲ್ಲೋ? ಅತಿಥೇಯ ಯಾರೆಂದು ತಿಳಿದರೆ ಅತಿಥಿಯ ಗುರುತು ಅರ್ಧ ಸಿಕ್ಕಂತೆ. ಆಮೇಲೆ ಸೂಕ್ಷ್ಮದರ್ಶಕದ ಸರದಿ. ಬರಿಗಣ್ಣಿಗೆ ಬರೀ ಬಿಳಿ ಹುಡಿಯಾಗಿದ್ದದ್ದು ಮಸೂರದಡಿಯಲ್ಲಿ ಬೇರೆಯೇ ಆಗುತ್ತದೆ. ಬ್ಯೂವೇರಿಯಾದ ಬೀಜಕ ಹೊರುವ ಕೋಶ ಬುಡದಲ್ಲಿ ಉಬ್ಬಿ, ತುದಿಯಲ್ಲಿ ಸಣ್ಣ ಎಳೆಯಾಗಿ, ಒಂದು ಬೀಜಕ ಬಿಟ್ಟು ಎಡಕ್ಕೆ ಬಾಗಿ, ಇನ್ನೊಂದು ಬಿಟ್ಟು ಬಲಕ್ಕೆ ಬಾಗಿ, ಅಂಕುಡೊಂಕಾಗಿ ಮುಂದುವರಿದಿರುತ್ತದೆ. ಬೀಜಕಗಳು ಗುಂಡಗೆ, ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ಕೀಟ ಕೊಲ್ಲುವ ಇನ್ನೊಂದು ಶಿಲೀಂಧ್ರ ಮೆಟಾರೈಜಿಯಂ ಆದರೆ ಬೀಜಕಗಳು ಉದ್ದುದ್ದ, ಹಸಿರು, ಸಾಲುಸಾಲಾಗಿ ಸರಪಳಿ ಕಟ್ಟಿಕೊಂಡಿರುತ್ತವೆ.

ಬಣ್ಣ ನಂಬಿ ಕೂತರೆ ಮೋಸ ಹೋಗುವುದು ಖಂಡಿತ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಹೊರದೇಶದ ಸೈನಿಕ ಹುಳು ಕಾಣಿಸಿಕೊಂಡು ರೈತರ ನಿದ್ದೆ ಕೆಡಿಸಿತಷ್ಟೆ. ಅದೇ ಹಂಗಾಮಿನಲ್ಲಿ ಉತ್ತರ ಕರ್ನಾಟಕದ ಹೊಲಗಳಲ್ಲಿ ಆ ಹುಳುಗಳು ಎಲೆಗೆ ಕಚ್ಚಿಕೊಂಡು ಸೆಟೆದು ಸತ್ತಿದ್ದವು. ಕೊಂದದ್ದು ನೊಮುರಿಯಾ ರಿಲೇಯಿ. ಈ ಶಿಲೀಂಧ್ರ ಮೊದಲು ಹುಳುವನ್ನು ಅಪ್ಪಟ ಬಿಳಿಯಾಗಿ ಮುಚ್ಚುತ್ತದೆ, ಬೀಜಕ ಬಲಿತಾಗ ತಿಳಿಹಸಿರಿಗೆ ತಿರುಗುತ್ತದೆ. ಬಿಳಿಯಿದ್ದಾಗ ನೋಡಿದವನೂ ಹಸಿರಾದ ಮೇಲೆ ನೋಡಿದವನೂ ಬೇರೆ ಬೇರೆ ರೋಗವೆಂದು ಜಗಳಕ್ಕೆ ನಿಂತರೆ ಇಬ್ಬರದೂ ಸರಿ, ಇಬ್ಬರದೂ ತಪ್ಪು. ಹೊಸ ನೆಲಕ್ಕೆ ಬಂದ ಹುಳುವನ್ನು ಈ ನೆಲದ ಬೂಸ್ಟು ಅಷ್ಟು ಬೇಗ ಗುರುತು ಹಿಡಿಯಿತಲ್ಲ, ಆ ಬೂಸ್ಟನ್ನು ಗುರುತು ಹಿಡಿಯಲು ನಮಗೆ ಮಾತ್ರ ಪ್ರಯೋಗಾಲಯ ಬೇಕು. ಇಷ್ಟಾಗಿ 2014ರಲ್ಲೇ ವಂಶವಾಹಿ ನೋಡಿದ ವಿಜ್ಞಾನಿಗಳು ಅದನ್ನು ಮೆಟಾರೈಜಿಯಂ ಕುಲಕ್ಕೆ ಸೇರಿಸಿದ್ದರು. ಹೊಲದಲ್ಲಿ ಇಂದಿಗೂ ಹಳೆಯ ಹೆಸರೇ ಓಡಾಡುತ್ತಿದೆ.

ಒಂದೇ ಜೀವಿ ಎರಡಾಗಿ ಬದುಕಿದ ಕಥೆಯೂ ಉಂಟು. 1969ರಲ್ಲಿ ನಾರ್ವೆಯ ಹಾರ್ಡಾಂಗರ್‌ವಿದ್ದಾ ಪ್ರಸ್ಥಭೂಮಿಗೆ ರಜೆಗೆ ಹೋಗಿದ್ದ ಔಷಧ ಕಂಪನಿಯ ಉದ್ಯೋಗಿಯೊಬ್ಬರು ಮಣ್ಣಿನ ಮಾದರಿ ತಂದರು. ಅದರಲ್ಲಿದ್ದ ಟೋಲಿಪೋಕ್ಲೇಡಿಯಂ ಇನ್‌ಫ್ಲೇಟಂ ಎಂಬ ಬೂಸ್ಟಿನಿಂದ ಸೈಕ್ಲೋಸ್ಪೋರಿನ್ ಬಂತು. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಳ್ಳಿಹಾಕದಂತೆ ತಡೆದು ಎಷ್ಟೋ ಮನೆಗಳ ದೀಪ ಉಳಿಸಿದ ಔಷಧ ಅದು. ಬೂಸ್ಟು ಮಾತ್ರ ಮಣ್ಣಿನಲ್ಲಿ ಸುಮ್ಮನಿರುವ ಸಾಧುವೆಂದೇ ಎಲ್ಲರೂ ತಿಳಿದಿದ್ದರು. 1994ರಲ್ಲಿ ಅಮೆರಿಕದ ಇಥಾಕಾ ಬಳಿಯ ಕಾಡಿನಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದವರ ಕ್ಷೇತ್ರಪ್ರವಾಸದಲ್ಲಿ, ಗೊಣ್ಣೆಹುಳುವಿನ ಮೈಯಿಂದ ಎದ್ದು ನಿಂತ ಸಣ್ಣ ಶಿಲೀಂಧ್ರವೊಂದು ಸಿಕ್ಕಿತು. ಕ್ಯಾಥಿ ಹಾಡ್ಜ್ ಮತ್ತು ಸಂಗಡಿಗರು ಅದರ ಬೀಜಕ ಬೆಳೆಸಿ ನೋಡಿದರೆ ತಟ್ಟೆಯಲ್ಲಿ ಮೂಡಿದ್ದು ಅದೇ ಟೋಲಿಪೋಕ್ಲೇಡಿಯಂ! ಲೈಂಗಿಕ ಹಂತದಲ್ಲಿ ಒಂದು ರೂಪ, ಒಂದು ಹೆಸರು. ಅಲೈಂಗಿಕ ಹಂತದಲ್ಲಿ ಇನ್ನೊಂದು ರೂಪ, ಇನ್ನೊಂದು ಹೆಸರು. ಶಿಲೀಂಧ್ರಗಳಿಗೆ ಇಂಥ ಎರಡು ಹೆಸರನ್ನು ನಾಮಕರಣದ ನಿಯಮಗಳೇ ಒಪ್ಪಿದ್ದವು. 2011ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಸಸ್ಯವಿಜ್ಞಾನ ಸಮ್ಮೇಳನ ಆ ಪದ್ಧತಿಗೆ ತೆರೆ ಎಳೆದು, ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು ಎಂದಿತು.

ಇದಕ್ಕೆ ತಿರುವುಮುರುವಾಗಿ, ಒಂದೆಂದುಕೊಂಡದ್ದು ಹಲವಾದದ್ದೂ ಉಂಟು. ಮೆಟಾರೈಜಿಯಂ ಅನಿಸೋಪ್ಲಿಯೇ ಎಂದು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದ ಗುಂಪನ್ನು 2009ರಲ್ಲಿ ಒಂಬತ್ತು ಪ್ರಭೇದಗಳಾಗಿ ಬಿಡಿಸಿದರು. ಇರುವೆಗಳ ನಡೆಯನ್ನೇ ಬದಲಿಸುವ ಓಫಿಯೋಕಾರ್ಡಿಸೆಪ್ಸ್ ಯೂನಿಲ್ಯಾಟರಾಲಿಸ್ 1865ರಿಂದ ಪುಸ್ತಕದಲ್ಲಿ ಒಂದೇ ಪ್ರಭೇದವಾಗಿತ್ತು. ಸೋಂಕು ತಗಲಿದ ಇರುವೆ ಗೂಡು ಬಿಟ್ಟು, ಎಲೆಯ ನರವನ್ನು ದವಡೆಯಲ್ಲಿ ಕಚ್ಚಿ ಹಿಡಿದು ಅಲ್ಲೇ ಸಾಯುತ್ತದೆ. ಆಮೇಲೆ ಅದರ ತಲೆಯ ಹಿಂದಿನಿಂದ ಶಿಲೀಂಧ್ರದ ಕಾಂಡ ಚಿಗುರುತ್ತದೆ. 2011ರಲ್ಲಿ ಬ್ರೆಜಿಲ್‌ನ ಕಾಡಿನಲ್ಲಿ ಹುಡುಕಿದವರಿಗೆ ಕಂಡದ್ದು ನಾಲ್ಕು ಹೊಸ ಪ್ರಭೇದ. ನಮ್ಮ ಗೊದ್ದದ ಬಳಗದ ನಾಲ್ಕು ಬಗೆಯ ಇರುವೆಗಳಿಗೆ ನಾಲ್ಕು ಬೇರೆ ಬೇರೆ ಶಿಲೀಂಧ್ರ. ಅವುಗಳಿಗೆ ಹೆಸರಿಟ್ಟದ್ದೂ ಆಯಾ ಇರುವೆಯ ಹೆಸರಿನಿಂದಲೇ. 2017ರಲ್ಲಿ ಇಂಥ ಇರುವೆಯ ಒಳಗನ್ನು ಪದರ ಪದರವಾಗಿ ನೋಡಿದಾಗ, ಶಿಲೀಂಧ್ರದ ಕೋಶಗಳು ಸ್ನಾಯುಗಳ ಸುತ್ತ ಒಂದಕ್ಕೊಂದು ಕೂಡಿಕೊಂಡು ಜಾಲ ಹೆಣೆದಿದ್ದವು. ಮಿದುಳಿನೊಳಗೆ ಅವು ಹೊಕ್ಕಿರಲೇ ಇಲ್ಲ.

ಅಗೋಚರವಾದದ್ದನ್ನು ಕಂಡು ಬೆರಗಾಗುವುದು ಸುಲಭ. ಕತ್ತಲೆಯೇ ಆ ಕೆಲಸ ಮಾಡಿಕೊಡುತ್ತದೆ. ಈ ವರ್ಗೀಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ಬಗೆಯ ಬೆರಗು. ಇಲ್ಲಿ ತಿಳಿದಷ್ಟೂ ಅದು ಹೆಚ್ಚುತ್ತದೆ. ‘ಪರಾವಲಂಬಿ’ ಎಂಬ ತೀರ್ಪನ್ನೇ ತೆಗೆದುಕೊಳ್ಳಿ. ಮೆಟಾರೈಜಿಯಂ ಗಿಡದ ಬೇರಿನಲ್ಲೂ ಮನೆ ಮಾಡುತ್ತದೆ. ಮಣ್ಣಿನಲ್ಲಿ ಹುಳುವನ್ನು ಕೊಂದು, ಅದರ ಸಾರಜನಕವನ್ನು ಎಳೆಗಳ ಮೂಲಕ ಗಿಡಕ್ಕೆ ದಾಟಿಸುತ್ತದೆ ಎಂದು 2012ರ ಅಧ್ಯಯನ ತೋರಿಸಿತು. ಹುಳುವಿನ ಕಡೆಯಿಂದ ನೋಡಿದರೆ ಕೊಲೆಗಾರ, ಬೇರಿನ ಕಡೆಯಿಂದ ನೋಡಿದರೆ ಅನ್ನದಾತ. ಯಾವ ಶೀರ್ಷಿಕೆಯ ಕೆಳಗೆ ಬರೆದುಕೊಳ್ಳೋಣ?

ಸಂಗ್ರಹಾಲಯಗಳಲ್ಲಿ ಇದಕ್ಕೊಂದು ಒಳ್ಳೆಯ ಪದ್ಧತಿಯಿದೆ. ಮಾದರಿಯ ಗುರುತು ತಿದ್ದಬೇಕಾದಾಗ ಹಳೆಯ ಚೀಟಿಯನ್ನು ಕಿತ್ತೆಸೆಯುವುದಿಲ್ಲ, ಪಕ್ಕದಲ್ಲಿ ಹೊಸದನ್ನು ಸೇರಿಸುತ್ತಾರೆ. ಹೆಸರು ಎಷ್ಟು ಬಾರಿ ಬದಲಾದರೂ ಯಾವ ಹುಳು, ಯಾವ ಗಿಡ, ಯಾವ ಊರು, ಯಾವ ದಿನ ಎಂದು ಮೊದಲು ಬರೆದಿಟ್ಟ ಸಾಲು ಹಾಗೇ ಉಳಿಯುತ್ತದೆ. ಮುಂದಿನವರು ತಿದ್ದುವುದಕ್ಕೆ ಆಧಾರ ಅದೊಂದೇ. ಮೆಕ್ಕೆಜೋಳದ ಸುಳಿಯಲ್ಲಿ ಬೆಳ್ಳಗೆ ಸೆಟೆದ ಹುಳು ಕಂಡ ರೈತ ಅದು ಯಾವ ಹುಳು, ಮಳೆಯಾಗಿ ಎಷ್ಟು ದಿನವಾಗಿತ್ತು, ಮರುವಾರ ಅದರ ಬಣ್ಣ ಏನಾಯಿತು ಎಂದು ಗಮನಿಸಿ ಹೇಳಿದರೆ ಅವನೂ ಆ ಸಾಲನ್ನು ಬರೆದಂತೆಯೇ. ಸರಿಯಾದ ಹೆಸರು ನಿಧಾನವಾಗಿ ಬಂದರೂ ನಡೆಯುತ್ತದೆ, ನೋಟ ಮಾತ್ರ ಮೊದಲೇ ಸರಿಯಾಗಿರಬೇಕು.